ಜಿಂಕೆಯ ಮರಿಯೂ ಜೋಳದ ಹೊಲವೂ

ನವರಾತ್ರಿ ಕಳೆದು ಹಿಂಗಾರಿಯ ಬಿತ್ತಿಗೆ ಮುಗಿದ ದಿನಗಳಲ್ಲಿ ನರಗುಂದದಿಂದ ರೋಣದ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಡಕಿಯ ಬದಿಗೆ ಕುಳಿತು ಹೊರಗೆ ನೋಡಿರಿ. ಕಣ್ಣು ಹರಿಯುವಷ್ಟು ದೂರವೂ ಕರಿಯ ಎರೆಭೂಮಿ. ಮರವೆಂದರೆ ಅಲ್ಲೊಂದು ಬೇವು, ಇಲ್ಲೊಂದು ಜಾಲಿ. ನರಗುಂದದ ಗುಡ್ಡ ಹಿಂದೆ ಸರಿಯುತ್ತ ಸಣ್ಣದಾಗುತ್ತದೆ. ರೋಣವನ್ನು ದಾಟಿ ಇನ್ನೂ ಮೂಡಣಕ್ಕೆ ಹೋದರೆ ಗಜೇಂದ್ರಗಡದ ಬೆಟ್ಟಸಾಲು ಸಿಕ್ಕುತ್ತದೆ. ಆ ಬೆಟ್ಟಗಳ ನೆತ್ತಿಯ ಮೇಲೆ ಈಗ ಗಾಳಿಯಂತ್ರಗಳು ತಿರುಗುತ್ತಿವೆ. ಇಂಥ ಬಯಲಿನಲ್ಲಿ, ಗೇಣುದ್ದ ಎದ್ದ ಬೆಳೆಯ ನಡುವೆ, ಹತ್ತು ಹದಿನೈದು ಪ್ರಾಣಿಗಳು ಒಮ್ಮೆಲೆ ತಲೆಯೆತ್ತಿ ನಿಲ್ಲುತ್ತವೆ. ಹೆಣ್ಣುಗಳದು ಮಣ್ಣುಬಣ್ಣದ ಮೈ. ನಡುವೆ ಒಂದು ಗಂಡು: ಕಪ್ಪುಗಂದು ಬೆನ್ನು, ಬಿಳಿಯ ಹೊಟ್ಟೆ, ತಿರುಪಿನಂತೆ ಸುತ್ತಿ ಮೇಲೆದ್ದ ಎರಡು ಕೊಂಬು. ಬಸ್ಸಿನಲ್ಲಿ ಮಗುವೊಂದಿದ್ದರೆ "ಚಿಗರಿ! ಚಿಗರಿ!" ಎಂದು ಕೂಗದೆ ಇರಲಾರದು.

ಅದೇ ಬಸ್ಸಿನಲ್ಲಿ ಕುಳಿತ ರೈತನೂ ಅತ್ತ ನೋಡುತ್ತಾನೆ. ಆದರೆ ಅವನ ಕಣ್ಣು ಮೊದಲು ಹೋಗುವುದು ಚಿಗರಿಯ ಕಾಲ ಕೆಳಗಿನ ಸಸಿಗಳ ಮೇಲೆ. ಅದು ಯಾರ ಹೊಲ, ಎಷ್ಟು ಸಾಲು ಹೋಯಿತು, ಮತ್ತೆ ಬಿತ್ತಲು ಹಸಿ ಉಳಿದಿದೆಯೆ, ಬೀಜಕ್ಕೆ ಹಣವೆಲ್ಲಿ ಎಂಬ ಲೆಕ್ಕ ಅವನ ಮನಸ್ಸಿನಲ್ಲಿ ನಡೆದಿರುತ್ತದೆ. ಒಂದೇ ಕಿಡಕಿಯಿಂದ ಎರಡು ನೋಟ. ಮಗುವಿನದು ಸುಳ್ಳಲ್ಲ, ರೈತನದೂ ಸುಳ್ಳಲ್ಲ.

ಈ ಎರಡು ನೋಟಗಳನ್ನೂ ಒಂದೇ ಮನೆಯೊಳಗೆ ತಂದು ಕೂಡಿಸಿ, ಎರಡಕ್ಕೂ ಮೋಸ ಮಾಡದೆ ಬರೆದ ಒಂದು ಕಾದಂಬರಿಯುಂಟು. ಅದು ಹುಟ್ಟಿದುದು ನಮ್ಮ ನಾಡಿನಲ್ಲಲ್ಲ, ಅಮೆರಿಕದ ದಕ್ಷಿಣ ತುದಿಯ ಫ್ಲಾರಿಡಾದಲ್ಲಿ. ಆದರೂ ರೋಣದ ಹುಡುಗನೊಬ್ಬ ಅದನ್ನು ಓದಿದರೆ ತನ್ನ ಓಣಿಯ ಕಥೆಯೆಂದೇ ತಿಳಿದಾನು. ಆ ಕೃತಿಯ ಹೆಸರು 'ದಿ ಇಯರ್ಲಿಂಗ್'. ಬರೆದವರು ಮಾರ್ಜೊರಿ ಕಿನ್ನನ್ ರಾಲಿಂಗ್ಸ್ ಎಂಬ ಮಹಿಳೆ. ಹುಟ್ಟಿ ಒಂದು ವರ್ಷವಾದ, ಮರಿತನ ಕಳೆದೂ ಪ್ರಾಯ ತುಂಬದ ಪ್ರಾಣಿಗೆ ಇಂಗ್ಲಿಷಿನಲ್ಲಿ ಆ ಹೆಸರು.

ಆನೆಯ ಹುಡುಗನಿಂದ ಜಿಂಕೆಯ ಹುಡುಗನವರೆಗೆ

ಮಗುವಿಗೂ ಕಾಡುಪ್ರಾಣಿಗೂ ಬೆಳೆಯುವ ಸ್ನೇಹದ ಕಥೆಗಳು ಜಗತ್ತಿನಲ್ಲಿ ವಿಪುಲವಾಗಿವೆ. ಕಿಪ್ಲಿಂಗನ 'ಜಂಗಲ್ ಬುಕ್' 1894ರಲ್ಲಿ ಪ್ರಕಟವಾಯಿತು. ಅದರಲ್ಲಿಯ ಆನೆ ಮತ್ತು ಬಾಲಕನ ಕಥೆಯೊಂದು ನಮ್ಮ ಮೈಸೂರು ಸೀಮೆಗೇ ಬಂದು ಚಲನಚಿತ್ರವಾಯಿತು. 1937ರಲ್ಲಿ ತೆರೆಕಂಡ 'ಎಲಿಫೆಂಟ್ ಬಾಯ್' ಚಿತ್ರದ ನಾಯಕ ಸಾಬು, ಕಾರಾಪುರದಲ್ಲಿ ಮಾವುತನ ಮಗನಾಗಿ 1924ರಲ್ಲಿ ಹುಟ್ಟಿದವನು. ಆ ಒಂದು ಚಿತ್ರದಿಂದ ಅವನು ಲೋಕಪ್ರಸಿದ್ಧನಾದನು. ಆದರೆ ಅಲ್ಲಿಯ ಆನೆ ಪಳಗಿದ ಆನೆ. ಅದರ ಮೇವನ್ನು ಬೆಳೆದವರು ಯಾರು, ಆ ಮೇವಿನಿಂದ ಯಾರ ತುತ್ತು ಕಡಿಮೆಯಾಯಿತು ಎಂಬ ಪ್ರಶ್ನೆ ಆ ಕಥೆಯಲ್ಲಿ ಏಳುವುದಿಲ್ಲ.

ರಾಲಿಂಗ್ಸ್ ಎತ್ತಿದುದು ಈ ಪ್ರಶ್ನೆಯನ್ನೇ. ಆಕೆ 1896ರಲ್ಲಿ ವಾಷಿಂಗ್ಟನ್ ನಗರದಲ್ಲಿ ಹುಟ್ಟಿ, ಪತ್ರಿಕೆಗಳಲ್ಲಿ ಬರೆದುಕೊಂಡಿದ್ದವರು. 1928ರಲ್ಲಿ ನಗರವನ್ನು ಬಿಟ್ಟು ಫ್ಲಾರಿಡಾದ ಕ್ರಾಸ್ ಕ್ರೀಕ್ ಎಂಬ ಹಳ್ಳಿಯಲ್ಲಿ ಕಿತ್ತಳೆಯ ತೋಟವೊಂದನ್ನು ಕೊಂಡು ನೆಲಸಿದರು. ಸುತ್ತಲಿನ ಕುರುಚಲುಕಾಡಿನಲ್ಲಿ ಬೇಟೆಯಾಡಿ, ಸ್ವಲ್ಪ ಉತ್ತು ಬಿತ್ತಿ ಬದುಕುತ್ತಿದ್ದ ಬಡ ಕುಟುಂಬಗಳೊಡನೆ ಬಾಳಿ, ಅವರ ಮಾತು, ಅಡಿಗೆ, ಭಯಗಳನ್ನೆಲ್ಲ ಕಲಿತರು. ಹುಡುಗರಿಗಾಗಿ ಒಂದು ಪುಸ್ತಕ ಬರೆಯಬೇಕೆಂದು ಆಕೆಯನ್ನು ಹುರಿದುಂಬಿಸಿದವರು ಸ್ಕ್ರಿಬ್ನರ್ ಪ್ರಕಾಶನದ ಸಂಪಾದಕ ಮ್ಯಾಕ್ಸ್‌ವೆಲ್ ಪರ್ಕಿನ್ಸ್. ಹೆಮಿಂಗ್ವೆಯ ಕೃತಿಗಳನ್ನು ಹೊರತಂದವರೂ ಅವರೇ. 1938ರಲ್ಲಿ ಪುಸ್ತಕ ಹೊರಬಿದ್ದಿತು. 1939ರಲ್ಲಿ ಪುಲಿಟ್ಜರ್ ಪಾರಿತೋಷಕ ಪಡೆಯಿತು. ಹಿರಿಯರು ಮೊದಲು ಓದಿ ಮೆಚ್ಚಿದ ಈ ಗ್ರಂಥವನ್ನು ಬರಬರುತ್ತ ಮಕ್ಕಳು ತಮ್ಮದಾಗಿ ಮಾಡಿಕೊಂಡರು. ಎನ್. ಸಿ. ವೈಯತ್ ಎಂಬ ಹೆಸರಾಂತ ಕಲಾವಿದರು ಅದಕ್ಕೆ ಚಿತ್ರ ಬರೆದರು. 1946ರಲ್ಲಿ ಗ್ರೆಗರಿ ಪೆಕ್ ತಂದೆಯ ಪಾತ್ರದಲ್ಲಿ ನಟಿಸಿದ ಚಲನಚಿತ್ರವೂ ಬಂದಿತು.

ಒಂಟಿಮನೆಯ ಹುಡುಗ

ಕಥೆ ನಡೆಯುವುದು 1870ರ ನಂತರದ ವರ್ಷಗಳಲ್ಲಿ. ಕಾಡಿನ ನಡುವೆ ದ್ವೀಪದಂತೆ ಒಂದಿಷ್ಟು ಒಳ್ಳೆಯ ನೆಲ, ಅಲ್ಲಿ ಬ್ಯಾಕ್ಸ್‌ಟರ್ ಎಂಬವರ ಒಂಟಿಮನೆ. ತಂದೆ ಕುಳ್ಳಗಿನ ಆಳು, ಮೆದು ಮನಸ್ಸಿನವನು. ಅವನನ್ನು ಎಲ್ಲರೂ ಪೆನ್ನಿ ಎಂದು ಕರೆಯುತ್ತಾರೆ. ತಾಯಿ ಓರಾ ಹೆತ್ತ ಕೂಸುಗಳನ್ನು ಒಂದರ ಹಿಂದೊಂದರಂತೆ ಮಣ್ಣು ಮಾಡಿ ಮನಸ್ಸನ್ನು ಗಟ್ಟಿ ಮಾಡಿಕೊಂಡವಳು. ಉಳಿದ ಒಬ್ಬನೇ ಮಗ ಜೋಡಿ. ನಮ್ಮ ನುಡಿಯಲ್ಲಿ ಜೋಡಿ ಎಂದರೆ ಜೊತೆ. ಆ ಹುಡುಗನಿಗೆ ಇಲ್ಲದುದು ಅದೊಂದೇ. ತನ್ನದೆನ್ನುವ ಒಂದು ಜೀವ, ತನ್ನ ಹಿಂದೆ ಹಿಂದೆ ಸುಳಿದಾಡುವ ಒಂದು ಮರಿ ಬೇಕೆಂದು ಅವನಿಗೆ ಆಸೆ. ತಾಯಿಯ ಉತ್ತರ ಒಂದೇ: ಮನೆಯಲ್ಲಿ ಇರುವ ಬಾಯಿಗಳಿಗೇ ಸಾಲದು.

ಒಂದು ದಿನ ತಂದೆಯನ್ನು ಬಾಲದಲ್ಲಿ ಗಿಲಕಿಯಂತೆ ಸದ್ದು ಮಾಡುವ ವಿಷದ ಹಾವು ಕಚ್ಚುತ್ತದೆ. ಹಸಿಯ ಪಿತ್ತಜನಕಾಂಗವನ್ನು ಗಾಯಕ್ಕೆ ಒತ್ತಿದರೆ ವಿಷ ಹೀರುವುದೆಂಬುದು ಆ ಜನರ ನಂಬಿಕೆ. ಎದುರಿಗೆ ಕಂಡ ಹೆಣ್ಣುಜಿಂಕೆಗೆ ಪೆನ್ನಿ ಗುಂಡು ಹೊಡೆಯುತ್ತಾನೆ. ಜಿಂಕೆ ಬಿದ್ದಾಗ ಅದರ ಹಿಂದೆ ಚುಕ್ಕೆಮೈಯ ಮರಿಯೊಂದು ನಡುಗುತ್ತ ನಿಂತಿರುತ್ತದೆ. ತಂದೆ ಬದುಕುತ್ತಾನೆ. ಆಗ ಹುಡುಗ ಕೇಳುವ ಮಾತಿಗೆ ಯಾರೂ ಎದುರಾಡಲಾರರು: ತಾಯಿಯನ್ನು ಕೊಂದು ನಾವು ಬದುಕಿದೆವು, ಮರಿಯನ್ನು ಕಾಡಿನಲ್ಲಿ ಉಪವಾಸ ಕೆಡವುವುದು ಯಾವ ನ್ಯಾಯ? ತಾಯಿಯ ಮನಸ್ಸಿಲ್ಲದಿದ್ದರೂ ಮರಿ ಮನೆಗೆ ಬರುತ್ತದೆ. ಹುಡುಗ ತನ್ನ ಪಾಲಿನ ಹಾಲನ್ನೇ ಅದಕ್ಕೆ ಕುಡಿಸುತ್ತಾನೆ. ನೆರೆಮನೆಯ ಅಂಗವಿಕಲ ಗೆಳೆಯನೊಬ್ಬ, ತಾನು ಸಾಯುವ ಮುನ್ನ, ಅದಕ್ಕೆ ಹೆಸರು ಹುಡುಕಿಟ್ಟಿರುತ್ತಾನೆ: ಫ್ಲ್ಯಾಗ್, ಎಂದರೆ ಬಾವುಟ. ಓಡುವಾಗ ಮೇಲೆದ್ದು ಹಾರುವ ಅದರ ಬಿಳಿಯ ಬಾಲದಿಂದ ಬಂದ ಹೆಸರು.

ಮರಿ ಬೆಳೆಯಿತು

ಮುಂದಿನ ವಸಂತಕ್ಕೆ ಮರಿ ಮರಿಯಾಗಿ ಉಳಿಯುವುದಿಲ್ಲ. ಮೊದಲು ತಂಬಾಕಿನ ಸಸಿಮಡಿಯನ್ನು ತುಳಿಯುತ್ತದೆ. ಮಕ್ಕಳಾಟವೆಂದು ತಂದೆ ನುಂಗಿಕೊಳ್ಳುತ್ತಾನೆ. ಅಷ್ಟರಲ್ಲಿ ಮರದ ಬೊಡ್ಡೆಯನ್ನು ಕೀಳಹೋಗಿ ಅವನ ಒಡಲಿಗೇ ಏಟಾಗಿ ಹಾಸಿಗೆ ಹಿಡಿಯುತ್ತಾನೆ. ಒಕ್ಕಲುತನದ ಭಾರವೆಲ್ಲ ಹುಡುಗನ ಹೆಗಲಿಗೆ ಬೀಳುತ್ತದೆ. ಗೋವಿನಜೋಳ ಮೊಳೆಯೊಡೆಯುತ್ತಲೆ ಫ್ಲ್ಯಾಗ್ ಸಾಲುಸಾಲಾಗಿ ಚಿಗುರನ್ನು ಕಿತ್ತು ತಿನ್ನುತ್ತದೆ. ಹುಡುಗ ಮತ್ತೆ ಬಿತ್ತುತ್ತಾನೆ. ಕೈ ಬೊಬ್ಬೆಯೇಳುವಂತೆ ದುಡಿದು ಬೇಲಿಯನ್ನು ಎತ್ತರಿಸುತ್ತಾನೆ. ಸಿಡುಕಿನ ತಾಯಿಯೂ ಮರುಗಿ ಬಂದು ಬೇಲಿಗೆ ಕೈಹಚ್ಚುತ್ತಾಳೆ. ಜಿಂಕೆ ಬೇಲಿಯನ್ನು ಲೀಲಾಜಾಲವಾಗಿ ಹಾರಿ ಮತ್ತೆ ಮೇಯುತ್ತದೆ.

ಆ ಮನೆಗೆ ಜೋಳವೆಂದರೆ ಒಂದು ವರ್ಷದ ಬದುಕು. ಹತ್ತಿರದಲ್ಲಿ ಅಂಗಡಿಯಿಲ್ಲ, ಅಂಗಡಿಯಿದ್ದರೂ ಕೈಯಲ್ಲಿ ಹಣವಿಲ್ಲ. ಮಲಗಿದಲ್ಲಿಂದಲೇ ತಂದೆ ಮಗನನ್ನು ಕರೆದು, ಜಿಂಕೆಯನ್ನು ಕಾಡಿಗೆ ಕರೆದೊಯ್ದು ಗುಂಡಿಕ್ಕಬೇಕೆಂದು ಹೇಳುತ್ತಾನೆ. ಹುಡುಗನಿಂದ ಅದು ಆಗುವುದಿಲ್ಲ. ಕೊನೆಗೆ ತಾಯಿಯೇ ಬಂದೂಕು ಹಿಡಿಯುತ್ತಾಳೆ. ಗುರಿ ತಿಳಿಯದ ಆಕೆಯ ಗುಂಡಿಗೆ ಪ್ರಾಣಿ ಸಾಯದೆ ಗಾಯಗೊಂಡು ಒದ್ದಾಡುತ್ತದೆ. ಆ ನರಳಾಟವನ್ನು ಮುಗಿಸಬೇಕಾದವನು ಅದನ್ನು ಸಾಕಿದ ಬಾಲಕನೇ. ಅವನು ಮುಗಿಸುತ್ತಾನೆ. ಬಳಿಕ ತಂದೆಯನ್ನು ಶಪಿಸಿ ಮನೆಬಿಟ್ಟು ಓಡುತ್ತಾನೆ.

ಓಡಿಹೋದವನಿಗೆ ಹೊಳೆಯ ಮೇಲೆ, ಮುರುಕು ದೋಣಿಯಲ್ಲಿ, ಹಸಿವು ಎಂದರೇನೆಂಬುದು ಮೊದಲ ಸಲ ತಿಳಿಯುತ್ತದೆ. ತಾಯಿ ಏತಕ್ಕೆ ಹೆದರುತ್ತಿದ್ದಳು, ತಂದೆ ಏತಕ್ಕೆ ಆ ಮಾತು ಆಡಿದನು ಎಂಬುದು ಹೊಟ್ಟೆಯ ಮೂಲಕವೇ ಅವನಿಗೆ ಅರ್ಥವಾಗುತ್ತದೆ. ಮರಳಿ ಬಂದವನನ್ನು ತಂದೆ ಬೈಯುವುದಿಲ್ಲ. ಹುಡುಗ ಮರುದಿನದ ಕೆಲಸವನ್ನು ಎಣಿಸುತ್ತ ಮಲಗುತ್ತಾನೆ. ಆಗ ಓದುಗನಿಗೆ ಹೊಳೆಯುತ್ತದೆ: ಪುಸ್ತಕದ ಹೆಸರು ಜಿಂಕೆಗೆ ಎಷ್ಟು ಸಲ್ಲುವುದೋ ಹುಡುಗನಿಗೂ ಅಷ್ಟೇ ಸಲ್ಲುತ್ತದೆ.

ನಮ್ಮ ಎರೆಯ ಚಿಗರಿ

ಈಗ ನಮ್ಮ ಸೀಮೆಗೆ ಮರಳೋಣ. ಫ್ಲಾರಿಡಾದ ಜಿಂಕೆ ಕಾಡಿನದು. ವರ್ಷಕ್ಕೊಮ್ಮೆ ಅದರ ಕೊಂಬು ಉದುರಿ ಹೊಸದು ಬರುತ್ತದೆ. ನಮ್ಮ ಚಿಗರಿ, ಪುಸ್ತಕದ ಮಾತಿನಲ್ಲಿ ಕೃಷ್ಣಮೃಗ, ಬೇರೆಯ ಕುಲ. ಅದರ ಕೊಂಬು ಉದುರುವುದಿಲ್ಲ. ದಟ್ಟ ಕಾಡು ಅದಕ್ಕೆ ಸೇರದು. ಶತ್ರುವನ್ನು ದೂರದಿಂದಲೇ ಕಂಡು ಓಡಬಲ್ಲ ಬಯಲೇ ಅದರ ಕೋಟೆ. ಗಂಟೆಗೆ 80 ಕಿಲೋಮೀಟರಿನವರೆಗೆ ಓಡಬಲ್ಲ ಈ ಪ್ರಾಣಿಯನ್ನು ಬೆನ್ನಟ್ಟಿ ಹಿಡಿಯುತ್ತಿದ್ದ ಚೀತಾ ನಮ್ಮ ದೇಶದಲ್ಲಿ ನಶಿಸಿತೆಂದು 1952ರಲ್ಲಿ ಸಾರಲಾಯಿತು. ನಮ್ಮ ಬಯಲಿನಲ್ಲಿ ಅದಕ್ಕೆ ಈಗ ತೋಳವೊಂದೇ ದೊಡ್ಡ ವೈರಿ. ಆ ತೋಳವೂ ಅಪರೂಪವಾಗುತ್ತಿದೆ. ಗಾಯರಾಣ, ಹುಲ್ಲುಬನಗಳು ಒಂದೊಂದಾಗಿ ಉಳುಮೆಗೆ ಬಿದ್ದವು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿ ಕಾಲುವೆ ಬಂದ ಬಳಿಕ ನರಗುಂದದ ಕಡೆ ಹಸಿರು ಹೆಚ್ಚಿತು. ಹುಲ್ಲಿದ್ದಲ್ಲಿ ಹೆಸರು, ಕಡಲೆ, ಗೋವಿನಜೋಳ ಬಂದರೆ ಚಿಗರಿ ತಾನೆ ಏನು ಮಾಡೀತು? ತನ್ನ ಹಳೆಯ ಹಾದಿಯಲ್ಲೇ ಮೇಯುತ್ತದೆ. ಹೊಲದ ಬದು ಅದಕ್ಕೆ ತಿಳಿಯದು.

ರೈತನಿಗಾದರೂ ಬೆಳೆಯೆಂದರೆ ಕೇವಲ ಹಣವಲ್ಲ. ನೀರಿನ ಕರದ ವಿಷಯದಲ್ಲಿ 1980ರ ಜುಲೈ 21ರಂದು ನರಗುಂದ-ನವಲಗುಂದಗಳಲ್ಲಿ ರೈತರು ಗುಂಡಿಗೆ ಬಲಿಯಾದ ನೆಲ ಇದು. ಮಳೆ ಒಂದು ವಾರ ತಡೆದರೆ ಮನೆಯ ಮದುವೆ ಒಂದು ವರ್ಷ ಮುಂದೆ ಹೋಗುವ ಸೀಮೆ. ಇಲ್ಲಿ ಓರಾ ಬ್ಯಾಕ್ಸ್‌ಟರಳ ಸಿಡುಕನ್ನು ಯಾವ ತಾಯಿಯೂ ಕಠಿಣಹೃದಯವೆಂದು ಕರೆಯಲಾರಳು.

ಈ ಹೊಲಗಳಲ್ಲಿಯೂ ಆಗಾಗ ಮರಿಗಳು ಸಿಗುತ್ತವೆ. ಕಟಾವಿನಲ್ಲಿಯೋ ದನ ಮೇಯಿಸುವಾಗಲೋ, ಹುಲ್ಲಿನಲ್ಲಿ ಮುದುಡಿ ಮಲಗಿದ ಮರಿ ಕಣ್ಣಿಗೆ ಬೀಳುತ್ತದೆ. ಸುತ್ತ ತಾಯಿ ಕಾಣುವುದಿಲ್ಲ. ತಬ್ಬಲಿಯೆಂದು ಮರುಗಿ ಹುಡುಗರು ಎತ್ತಿಕೊಂಡು ಮನೆಗೆ ತರುತ್ತಾರೆ. ತಿಳಿಯಬೇಕಾದ ಸಂಗತಿ ಇಲ್ಲಿಯೇ ಇದೆ. ಸುಮಾರು ಆರು ತಿಂಗಳು ಗರ್ಭ ಧರಿಸಿ ಸಾಮಾನ್ಯವಾಗಿ ಒಂದೇ ಮರಿ ಈಯುವ ಚಿಗರಿ, ಮೊದಲ ಕೆಲವು ದಿನ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ತಾನು ದೂರ ಹೋಗಿ ಮೇಯುತ್ತದೆ. ತಾನು ಹತ್ತಿರ ನಿಂತರೆ ತೋಳದ ಕಣ್ಣು ಮರಿಯ ಮೇಲೆ ಬೀಳುವುದೆಂಬ ಅಂಜಿಕೆಯೋ ಎಂಬಂತೆ, ಹಾಲೂಡಿಸುವ ಹೊತ್ತಿಗೆ ಮಾತ್ರ ಬಂದು ಹೋಗುತ್ತದೆ. ಮರಿಯೂ ಅಲುಗದೆ ಬಿದ್ದಿರುತ್ತದೆ. ನಾವು ತಬ್ಬಲಿಯೆಂದು ಎತ್ತಿ ತಂದ ಮರಿ ಎಷ್ಟೋ ಸಲ ತಬ್ಬಲಿಯಾಗಿರುವುದಿಲ್ಲ. ನಾವು ಎತ್ತಿದ ಮೇಲೆ ಆಗುತ್ತದೆ. ಸಂಜೆ ತಾಯಿ ಆ ಜಾಗಕ್ಕೆ ಬಂದು ಬರಿಯ ಹುಲ್ಲನ್ನು ಮೂಸುತ್ತ ನಿಲ್ಲಬೇಕಾಗುತ್ತದೆ.

ಮನೆಯಲ್ಲಿ ಬೆಳೆದ ಮರಿಯ ಗತಿಯೂ ಸುಖದ್ದಲ್ಲ. ಆಕಳ ಹಾಲು ಕೆಲವಕ್ಕೆ ಒಗ್ಗುವುದಿಲ್ಲ. ಬದುಕಿದರೆ ನಾಯಿಯ ಅಂಜಿಕೆ, ಮನುಷ್ಯನ ಅಂಜಿಕೆ ಎರಡೂ ಹೋಗುತ್ತವೆ. ಹಿಂಡಿಗೆ ಬಿಟ್ಟರೂ ಹಿಂಡಿನ ಮರ್ಯಾದೆ ಅದಕ್ಕೆ ತಿಳಿಯದು. ಗಂಡಾದರೆ ಕೊಂಬು ಬಂದಮೇಲೆ ಸಾಕಿದವರನ್ನೇ ಎದುರಾಳಿಯೆಂದು ಬಗೆದು ಹಾಯುವುದುಂಟು. ಜೋಡಿಯ ಕಥೆ ಬೇರೊಂದು ರೂಪದಲ್ಲಿ ಮತ್ತೆ ನಡೆಯುತ್ತದೆ.

ಭರತನನ್ನೂ ಬಿಡದ ಮೋಹ

ಜಿಂಕೆಯ ಮರಿ ಮನುಷ್ಯನ ಮನಸ್ಸನ್ನು ಹೇಗೆ ಕಟ್ಟಿಹಾಕುವುದೆಂಬುದು ನಮ್ಮ ಹಿರಿಯರಿಗೆ ಹೊಸದಲ್ಲ. ಭಾಗವತದ ಭರತರಾಜನು ರಾಜ್ಯವನ್ನು ಬಿಟ್ಟು ತಪಸ್ಸಿಗೆ ಕುಳಿತಿದ್ದನು. ಸಿಂಹದ ಗರ್ಜನೆಗೆ ಬೆದರಿದ ಗರ್ಭಿಣಿ ಹುಲ್ಲೆಯೊಂದು ಹೊಳೆ ಹಾರುವಾಗ ಈದು ಸತ್ತಿತು. ಆ ಮರಿಯನ್ನು ಅವನು ನೀರಿನಿಂದೆತ್ತಿ ಸಾಕಿದನು. ರಾಜ್ಯದ ಮೋಹ ಬಿಟ್ಟವನಿಗೆ ಮರಿಯ ಮೋಹ ಬಿಡಲಿಲ್ಲ. ಸಾಯುವಾಗಲೂ ಅದನ್ನೇ ನೆನೆದು ಮುಂದಿನ ಜನ್ಮದಲ್ಲಿ ಜಿಂಕೆಯಾಗಿ ಹುಟ್ಟಿದನು. ಕಾಳಿದಾಸನ ಶಕುಂತಲೆ ಪತಿಗೃಹಕ್ಕೆ ಹೊರಟಾಗ ಸೆರಗು ಹಿಡಿದೆಳೆದುದು ಅವಳೇ ಸಾಕಿದ ತಬ್ಬಲಿ ಮರಿ. 1883ರಲ್ಲಿ ಬಸವಪ್ಪಶಾಸ್ತ್ರಿಗಳು ಆ ನಾಟಕವನ್ನು ಕನ್ನಡಕ್ಕೆ ತಂದಂದಿನಿಂದ ಆ ದೃಶ್ಯಕ್ಕೆ ಕಣ್ಣೊರಸಿಕೊಂಡ ಕನ್ನಡಿಗರೆಷ್ಟೋ!

ಆದರೆ ಆಶ್ರಮದಲ್ಲಿ ಹುಲ್ಲಿಗೆ ಬರವಿಲ್ಲ, ಹೊಲಕ್ಕೆ ಬೇಲಿಯಿಲ್ಲ. ಭರತನ ಕಥೆ ಮೋಹದ ಅಪಾಯವನ್ನು ಹೇಳಿತು, ಶಕುಂತಲೆಯ ಕಥೆ ಅಗಲಿಕೆಯ ನೋವನ್ನು ಹೇಳಿತು. ಅನ್ನದ ಮಾತನ್ನು ಇವುಗಳ ಪಕ್ಕದಲ್ಲಿ ತಂದಿರಿಸಿದುದು ರಾಲಿಂಗ್ಸರ ಕೃತಿಯ ವೈಶಿಷ್ಟ್ಯ.

ಮಕ್ಕಳ ಕೈಗೆ ಕೊಡಬಹುದೆ?

ಇಂಥ ದುಃಖದ ಪುಸ್ತಕವನ್ನು ಮಕ್ಕಳಿಗೆ ಕೊಡಬಹುದೆ ಎಂದು ತಾಯಂದಿರು ಕೇಳುವುದು ಸಹಜ. ನಮ್ಮ ಮಕ್ಕಳು ಮಾತು ಕಲಿಯುತ್ತಲೆ ಕೇಳುವ 'ಗೋವಿನ ಹಾಡು' ಹೇಗೆ ಮುಗಿಯುತ್ತದೆಂಬುದನ್ನು ನೆನೆಯಿರಿ. ಪುಣ್ಯಕೋಟಿ ಬದುಕುತ್ತದೆ, ನಿಜ. ಆದರೆ ಹಸಿದ ಹುಲಿ ಪ್ರಾಣ ಬಿಡುತ್ತದೆ. ಅದನ್ನು ಕೇಳಿ ಅತ್ತ ಮಕ್ಕಳು ಕೆಟ್ಟುದನ್ನು ನಾವು ಕಾಣೆವು. ಕಾಡುಪ್ರಾಣಿಗಳೆಲ್ಲ ಅಂಗಿ ತೊಟ್ಟು ಹಾಡಿ ಕುಣಿಯುವ ಚಿತ್ರಗಳನ್ನಷ್ಟೇ ನೋಡಿ ಬೆಳೆದ ಮಗು, ಮೊದಲ ಸಲ ನಿಜವಾದ ಚಿಗರಿಯನ್ನೂ ನಿಜವಾದ ರೈತನನ್ನೂ ಕಂಡಾಗ ಇಬ್ಬರಲ್ಲೊಬ್ಬರನ್ನು ದುಷ್ಟರೆಂದು ಎಣಿಸುತ್ತದೆ. 'ದಿ ಇಯರ್ಲಿಂಗ್' ಓದಿದ ಮಗು ಹಾಗೆ ಎಣಿಸಲಾರದು. ಅದರಲ್ಲಿ ದುಷ್ಟರು ಯಾರೂ ಇಲ್ಲ. ಗುಂಡು ಹೊಡೆದ ತಾಯಿಯೂ ದುಷ್ಟಳಲ್ಲ, ಬೆಳೆ ಮೇಯ್ದ ಜಿಂಕೆಯೂ ದುಷ್ಟವಲ್ಲ.

ಹತ್ತು ಹನ್ನೆರಡು ವರ್ಷದೊಳಗಿನ ಮಕ್ಕಳಾದರೆ ಹಿರಿಯರು ಜೊತೆಯಲ್ಲಿ ಕುಳಿತು ಓದಿ ಹೇಳುವುದು ಮೇಲು. ಕೊನೆಯ ಅಧ್ಯಾಯಗಳನ್ನು ರಾತ್ರಿ ಮಲಗುವ ಹೊತ್ತಿಗೆ ಇಟ್ಟುಕೊಳ್ಳಬಾರದು. ಮಗು ಅತ್ತರೆ ಅಳಲಿ. ಹುಡುಗ ಬೇರೇನು ಮಾಡಬಹುದಾಗಿತ್ತು ಎಂದು ಕೇಳಿದರೆ ಉತ್ತರಕ್ಕೆ ಅವಸರಪಡದೆ ಮಗುವನ್ನೇ ಮಾತಾಡಗೊಡಬೇಕು.

ಬೆಲೆ ತೆರುವವರು ಯಾರು?

ಜೋಡಿಯ ಕಾಲಕ್ಕೂ ನಮ್ಮ ಕಾಲಕ್ಕೂ ಒಂದು ದೊಡ್ಡ ಅಂತರವುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿ ಕೃಷ್ಣಮೃಗದ ಹೆಸರಿದೆ. ಅದನ್ನು ಕೊಲ್ಲುವುದು ಮಾತ್ರವಲ್ಲ, ಹಿಡಿದು ಸಾಕುವುದೂ ಅಪರಾಧ. ಶಿಕ್ಷೆ 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದವರೆಗಿನ ಸೆರೆವಾಸ. ನೆರೆಯ ಹಾವೇರಿ ಜಿಲ್ಲೆಯ ರಾಣೇಬೆನ್ನೂರಿನಲ್ಲಿ 1974ರಲ್ಲಿಯೇ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಧಾಮವಾಯಿತು. ಗದಗ ಜಿಲ್ಲೆಯ ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿ ಧಾಮವೆಂದು ಸಾರಲಾಯಿತು. ರೋಣ-ನರಗುಂದಗಳ ಚಿಗರಿ ಮಾತ್ರ ಯಾವ ಧಾಮದಲ್ಲಿಯೂ ಇಲ್ಲ. ಅದರ ಧಾಮ ರೈತನ ಹೊಲವೇ.

ಎಂದಮೇಲೆ ಚಿಗರಿಯನ್ನು ಸಾಕುತ್ತಿರುವವನು ವಾಸ್ತವವಾಗಿ ಆ ರೈತ. ಬಂದೂಕನ್ನು ಕಾಯಿದೆ ಅವನ ಕೈಯಿಂದ ಇಳಿಸಿತು, ಅದು ನ್ಯಾಯವೇ. ಆದರೆ ಹೋದ ಚಿಗುರಿನ ಬೆಲೆಯನ್ನು ಅವನೊಬ್ಬನೇ ತೆರಬೇಕೆಂಬುದು ನ್ಯಾಯವಲ್ಲ. ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೊಡುವ ವ್ಯವಸ್ಥೆಯುಂಟು. ಅರ್ಜಿ, ಹೊಲದ ಉತಾರ, ಸ್ಥಳಪರಿಶೀಲನೆ ಎಲ್ಲವೂ ಆಗಬೇಕು. ಆನೆ ಹೊಕ್ಕ ಹೊಲದ ಹಾನಿ ಎದ್ದು ಕಾಣುತ್ತದೆ. ಚಿಗರಿ ಮೇಯುವುದು ದಿನಕ್ಕಿಷ್ಟು, ಸಾಲಿಗಿಷ್ಟು. ಪರಿಶೀಲನೆಗೆ ತಡವಾದರೆ ರೈತ ಹಸಿ ಆರುವ ಮುನ್ನ ಮರುಬಿತ್ತಿಗೆ ಮಾಡಿರುತ್ತಾನೆ, ಹಾನಿಯ ಗುರುತೇ ಉಳಿದಿರುವುದಿಲ್ಲ. ಬೇಗ ಬಂದು ನೋಡುವ, ಬೇಗ ಹಣ ಮುಟ್ಟಿಸುವ ವ್ಯವಸ್ಥೆಯಾದರೆ, ಅಳಿದುಳಿದ ಗಾಯರಾಣ-ಹುಲ್ಲುಗಾವಲುಗಳನ್ನು ಹಾಗೆಯೇ ಕಾಯ್ದಿಟ್ಟರೆ, ಪ್ರಾಣಿಯ ಮೇಲಿನ ಅವನ ಸಿಟ್ಟು ಅರ್ಧಕ್ಕರ್ಧ ಇಳಿದೀತು. ಪಟ್ಟಣದಲ್ಲಿ ಕುಳಿತು ಚಿಗರಿಯ ಚಿತ್ರ ನೋಡಿ ಸಂತೋಷಪಡುವ ನಮ್ಮ ಪಾಲೂ ಆ ವೆಚ್ಚದಲ್ಲಿ ಸೇರಬೇಕಾದುದೇ ಸರಿ.

ಈ ಸೀಮೆಗೆ ಹೋಗುವ ವಾಚಕರಲ್ಲಿ ಒಂದು ಬಿನ್ನಹ. ಹುಲ್ಲಿನಲ್ಲಿ ಮರಿಯೊಂದು ಒಂಟಿಯಾಗಿ ಮಲಗಿದ್ದರೆ ಮುಟ್ಟದೆ, ಮಕ್ಕಳನ್ನೂ ಮುಟ್ಟಗೊಡದೆ, ನಾಯಿಗಳನ್ನು ದೂರವಿಟ್ಟು ಸುಮ್ಮನೆ ಹಿಂದೆ ಸರಿಯಿರಿ. ತಾಯಿ ಸತ್ತುದು ಕಣ್ಣಿಗೆ ಕಂಡಿದ್ದರೆ, ಇಲ್ಲವೆ ಮರಿಗೆ ಗಾಯವಾಗಿದ್ದರೆ ಮಾತ್ರ ಅರಣ್ಯ ಇಲಾಖೆಯವರಿಗೆ ತಿಳಿಸಿರಿ. ಮನೆಗೆ ತರಬೇಕೆಂಬ ಮಗುವಿನ ಆಸೆಯನ್ನು ಗದರಿಸಿ ಅಡಗಿಸಬೇಡಿರಿ. ಜೋಡಿಯ ಕಥೆಯನ್ನು ಹೇಳಿರಿ.

ಬಸ್ಸು ರೋಣ ಮುಟ್ಟುವ ಹೊತ್ತಿಗೆ ಮಗು ಇನ್ನೂ ಕಿಡಕಿಗೆ ಮುಖ ಹಚ್ಚಿ ಕುಳಿತಿರುತ್ತದೆ. ಪಕ್ಕದ ರೈತ ಇಳಿಯಲು ಗಂಟು ಎತ್ತಿಕೊಳ್ಳುತ್ತಾನೆ. ಈ ವರ್ಷ ಬೆಳೆ ಹೇಗಿದೆ ಎಂದು ಅವನನ್ನು ಕೇಳುವುದನ್ನೂ ಮಗುವಿಗೆ ಕಲಿಸಿದರೆ, ಆ ಬಯಲಿನಲ್ಲಿ ಚಿಗರಿಗೆ ಇನ್ನಷ್ಟು ಕಾಲ ಎಡೆಯಿದ್ದೀತು.